ಮನೆ ವೈರಿಂಗಿಗೆ ಆರ್ಕ್ ಫಾಲ್ಟ್ ಬ್ರೇಕರ್: ನಮ್ಮ ಕಡೆ ಕಡ್ಡಾಯನಾ? ಹಾಕಿಸಬೇಕಾ?

ಸೇಡಂ ರೋಡ್ ಮನೆ (ಕಲಬುರಗಿ):

ಎಲ್ಲರಿಗೂ ನಮಸ್ಕಾರ. ಸೇಡಂ ರೋಡ್ ಕಡೆ ಮನೆ ಕಟ್ಟಿಸುತ್ತಿದ್ದೇವೆ. ಗೋಡೆ ಕೊರೆದು ಪೈಪು ಕೂರಿಸಿ ಆಗಿದೆ, ಪ್ಲಾಸ್ಟರ್ ಆಗಿಲ್ಲ, ವೈರ್ ಎಳೆಯೋದು ಬಾಕಿ. ನಮ್ಮಣ್ಣ ಅಮೆರಿಕದ ಡಲ್ಲಾಸಲ್ಲಿದ್ದಾನೆ. ಫೋನ್ ಮಾಡಿದಾಗಲೆಲ್ಲ ಒಂದೇ ಮಾತು, "ಆರ್ಕ್ ಫಾಲ್ಟ್ ಬ್ರೇಕರ್ ಹಾಕಿಸು, ಇಲ್ಲಿ ಅದಿಲ್ಲ ಅಂದ್ರೆ ಹೊಸ ಮನೆ ಪಾಸೇ ಆಗಲ್ಲ." ವೈರಿಂಗಿನಲ್ಲಿ ಕಿಡಿ ಹಾರಿದರೆ ಕರೆಂಟ್ ಕಟ್ ಮಾಡುವ ಬ್ರೇಕರಂತೆ ಅದು. ನಮ್ಮ ವೈರಮನ್ ಕಾಕಾ ಹೇಳೋದು ಬೇರೆ. ಎಂಸಿಬಿ (ಕರೆಂಟು ಜಾಸ್ತಿ ಹರಿದರೆ ಬೀಳುವ ಸ್ವಿಚ್) ಇದೆ, ಆರ್‌ಸಿಸಿಬಿ (ಕರೆಂಟು ಸೋರಿದರೆ ಬೀಳುವ ಸ್ವಿಚ್) ಇದೆ, ಅಷ್ಟು ಸಾಕಪ್ಪ, ಸುಮ್ನೆ ಖರ್ಚು ಯಾಕೆ ಅಂತಾರೆ. ಕಾಕಾ ಕೆಲಸ ಅಚ್ಚುಕಟ್ಟು, ಅವರ ಮಾತು ಹಗುರ ಮಾಡೋಕೆ ನನಗೆ ಇಷ್ಟ ಇಲ್ಲ.

ಆದರೆ ಹೋದ ಬೇಸಿಗೆಯಲ್ಲಿ ಹಳೆ ಮನೆಯಲ್ಲಿ ಆದದ್ದು ತಲೆಯಿಂದ ಹೋಗುತ್ತಿಲ್ಲ. ಅಪ್ಪ ಮಲಗುವ ಕೋಣೆಯ ಕೂಲರ್ ಸಾಕೆಟ್ ಸುಟ್ಟಿತು. ಪ್ಲಾಸ್ಟಿಕ್ ಸುಟ್ಟ ವಾಸನೆ ಬಂದು ಹೋಗಿ ನೋಡಿದರೆ ಸಾಕೆಟ್ಟಿನ ಒಂದು ತೂತಿನ ಸುತ್ತ ಕಂದು ಬಣ್ಣದ ಉಂಗುರ. ಪಿನ್ ಎಳೆದರೆ ಬರುತ್ತಿಲ್ಲ, ಕರಗಿ ಕಚ್ಚಿಕೊಂಡಿತ್ತು. ಬೋರ್ಡ್ ಬಿಚ್ಚಿಸಿದಾಗ ಸ್ಕ್ರೂ ಸಡಿಲ ಇತ್ತು, ತಂತಿ ಮೇಲಿನ ಪ್ಲಾಸ್ಟಿಕ್ ಎರಡು ಬೆರಳು ಉದ್ದ ಕಪ್ಪಾಗಿ, ಉಗುರು ತಾಗಿಸಿದರೆ ಪುಡಿ ಆಗಿ ಉದುರುತ್ತಿತ್ತು. ಇಷ್ಟಾದರೂ ಎಂಸಿಬಿ ಬಿದ್ದಿರಲಿಲ್ಲ! ಕೂಲರ್ ತನ್ನ ಪಾಡಿಗೆ ತಿರುಗುತ್ತಿತ್ತು. ಚಳಿಗಾಲದಲ್ಲಿ ಅದೇ ಸಾಕೆಟ್ಟಿಗೆ ನೀರು ಕಾಯಿಸುವ ಕಾಯಿಲ್ ಹಾಕುತ್ತಿದ್ದೆವು, ಇದೂ ಹೇಳಿಬಿಡುತ್ತೇನೆ.

ಎಂಸಿಬಿ ಯಾಕೆ ಬೀಳಲಿಲ್ಲ? ನಮ್ಮ ದೇಶದಲ್ಲಿ ಇದಕ್ಕೆ ನಿಯಮ ಅಂತ ಏನಾದರೂ ಇದೆಯಾ? ಹಾಕಿಸೋದಾದರೆ ಇಡೀ ಮನೆಗಾ, ಒಂದೆರಡು ಕೋಣೆಗೆ ಸಾಕಾ? ಗೊತ್ತಿದ್ದವರು ದಯವಿಟ್ಟು ಬಿಡಿಸಿ ಹೇಳಿ. ಪ್ಲಾಸ್ಟರಿನವರು ಬಂದಮೇಲೆ ಏನೂ ಮಾಡೋಕಾಗಲ್ಲ.

ಲೈಸೆನ್ಸ್ ವೈರಮನ್ (ಶಹಾಬಜಾರ್, ಕಲಬುರಗಿ):

ತಮ್ಮಾ, ಎಂಸಿಬಿ ಯಾಕೆ ಬೀಳಲಿಲ್ಲ ಅನ್ನೋದರಿಂದಲೇ ಶುರು ಮಾಡೋಣ. ಅದು ತಿಳಿದರೆ ಉಳಿದದ್ದು ತಾನಾಗಿ ಗೊತ್ತಾಗುತ್ತದೆ.

ಎಂಸಿಬಿಗೆ ಗೊತ್ತಾಗೋದು ಒಂದೇ, ಎಷ್ಟು ಆಂಪ್ಸ್ ಹರಿಯುತ್ತಿದೆ ಅಂತ. ಮನೆಗಳಿಗೆ ಜಾಸ್ತಿ ಹಾಕುವ 16 ಆಂಪ್ಸ್ ಸಿ ಕರ್ವ್ ಎಂಸಿಬಿ ತಗೊಳ್ಳಿ. ಅದು ಥಟ್ಟನೆ ಬೀಳಬೇಕಾದರೆ ರೇಟಿಂಗಿನ 5ರಿಂದ 10 ಪಟ್ಟು, ಅಂದರೆ 80ರಿಂದ 160 ಆಂಪ್ಸ್ ಹರಿಯಬೇಕು. ಓವರ್‌ಲೋಡಿಗೂ ಬೀಳುತ್ತದೆ, ಆದರೆ ನಿಧಾನ. 23 ಆಂಪ್ಸ್ ಹರಿದರೂ ಒಂದು ಗಂಟೆ ತನಕ ತಡೆದುಕೊಂಡಿರಬಹುದು, ಅದಕ್ಕೆ ಸ್ಟ್ಯಾಂಡರ್ಡಿನಲ್ಲೇ ಅವಕಾಶ ಇದೆ. ನಿಮ್ಮ ಸಾಕೆಟ್ಟಿನಲ್ಲಿ ಸ್ಕ್ರೂ ಸಡಿಲ ಇತ್ತು. ಸಡಿಲ ಇದ್ದಲ್ಲಿ ಕಿಡಿ ಹಾರುತ್ತಿದ್ದರೂ ಹರಿಯುವ ಕರೆಂಟು ಕೂಲರ್ ಎಳೆಯುವಷ್ಟೇ, ಒಂದು ಆಂಪ್ ಆಸುಪಾಸು. ಎಂಸಿಬಿ ಯಾಕೆ ಬೀಳಬೇಕು ಹೇಳಿ? ಆರ್‌ಸಿಸಿಬಿ ಇದ್ದಿದ್ದರೂ ಬೀಳುತ್ತಿರಲಿಲ್ಲ. ಫೇಸಿನಲ್ಲಿ ಹೋದ ಕರೆಂಟು ನ್ಯೂಟ್ರಲಿನಲ್ಲಿ ಅಷ್ಟೇ ವಾಪಸ್ ಬರುತ್ತದಾ ಅಂತ ಅದು ಲೆಕ್ಕ ಹಾಕುತ್ತದೆ, 30 ಮಿಲಿ ಆಂಪ್ಸ್ ವ್ಯತ್ಯಾಸ ಬಂದರೆ ಕಟ್ ಮಾಡುತ್ತದೆ. ಇಲ್ಲಿ ಎಲ್ಲೂ ಸೋರಿಲ್ಲ, ಹೋದದ್ದೆಲ್ಲ ವಾಪಸ್ ಬಂದಿದೆ.

ಹೀಗೆ ಒಂದೇ ತಂತಿಯ ದಾರಿಯಲ್ಲಿ ಬಿಟ್ಟು ಬಿಟ್ಟು ಕಿಡಿ ಹಾರುವುದಕ್ಕೆ ಸೀರೀಸ್ ಆರ್ಕ್ ಅನ್ನುತ್ತಾರೆ. ಇಲಿ ಕಡಿದೋ, ಮೊಳೆ ತಾಗಿಯೋ ಫೇಸಿಂದ ನ್ಯೂಟ್ರಲಿಗೆ ಕಿಡಿ ಹಾರಿದರೆ ಪ್ಯಾರಲಲ್ ಆರ್ಕ್. ವೆಲ್ಡಿಂಗ್ ಅಂಗಡಿಯಲ್ಲಿ ರಾಡಿನ ತುದಿಗೆ ಕಾಣುವ ಬೆಳಕು ಇದೇ ಜಾತಿ, ಇದು ಕಣ್ಣಿಗೆ ಬೀಳದಷ್ಟು ಸಣ್ಣದು ಅಷ್ಟೇ. ಆ ಜಾಗದಲ್ಲಿ ಶಾಖ ಸಾವಿರಾರು ಡಿಗ್ರಿಗೆ ಹೋಗುತ್ತದೆ. ನಮ್ಮ ಕರೆಂಟು 50 ಹರ್ಟ್ಸ್, ಅಂದರೆ ಸೆಕೆಂಡಿಗೆ 100 ಸಲ ಸೊನ್ನೆಗೆ ಬಂದು ಹೋಗುತ್ತದೆ, ಪ್ರತಿ ಸಲ ಕಿಡಿ ಆರುತ್ತದೆ, ಮತ್ತೆ ಹತ್ತಿಕೊಳ್ಳುತ್ತದೆ. ಪಕ್ಕದ ಪಿವಿಸಿ ಸುಟ್ಟು ಮಸಿ ಆಗುತ್ತದೆ. ಮಸಿ ಅಂದರೆ ಇಂಗಾಲ, ಅದರಲ್ಲಿ ಕರೆಂಟು ಹರಿಯುತ್ತದೆ. ಹಾಗಾಗಿ ಮುಂದಿನ ಸಲ ಕಿಡಿ ಹತ್ತೋದು ಇನ್ನೂ ಸುಲಭ. ನೀವು ಉಗುರಲ್ಲಿ ಉದುರಿಸಿದ ಪುಡಿ ಅದೇ.

ಇದನ್ನ ಹಿಡಿಯೋಕೆ ಬೇರೆಯೇ ಡಿವೈಸ್ ಬೇಕು. ಅಮೆರಿಕದಲ್ಲಿ ಎಎಫ್‌ಸಿಐ ಅಂತಾರೆ, ನಮ್ಮ ಕಡೆ ಸಿಗುವುದರ ಹೆಸರು ಎಎಫ್‌ಡಿಡಿ. ಒಳಗೆ ಒಂದು ಚಿಪ್ ಇರುತ್ತದೆ, ಕರೆಂಟಿನ ಅಲೆ ಹೇಗಿದೆ ಅಂತ ನೋಡುತ್ತಲೇ ಇರುತ್ತದೆ. ಕಿಡಿ ಇದ್ದರೆ ಅಲೆ ಸೊನ್ನೆಯ ಹತ್ತಿರ ಚಪ್ಪಟೆ ಆಗುತ್ತದೆ, ಮೇಲೆ ಸಣ್ಣ ಸಣ್ಣ ಗದ್ದಲ ಸೇರಿಕೊಳ್ಳುತ್ತದೆ. ಮಿಕ್ಸಿ, ಡ್ರಿಲ್ ಒಳಗಿನ ಬ್ರಷ್‌ನಲ್ಲೂ ಕಿಡಿ ಇರುತ್ತದಲ್ವಾ, ಅದು ಒಂದೇ ತಾಳದಲ್ಲಿರುತ್ತದೆ, ಕೆಟ್ಟ ಕಿಡಿಗೆ ತಾಳ ಇರಲ್ಲ. ಆ ವ್ಯತ್ಯಾಸ ನೋಡಿ ಕಟ್ ಮಾಡುತ್ತದೆ.

ಪಾಲಿಟೆಕ್ನಿಕ್ ಮೇಷ್ಟ್ರು (ಬೀದರ್):

ಮೇಲಿನವರು ಚೆನ್ನಾಗಿ ಬಿಡಿಸಿದ್ದಾರೆ. ನಾನು ನಿಯಮದ ಮಾತು ಹೇಳುತ್ತೇನೆ.

ನಿಮ್ಮಣ್ಣ ಹೇಳಿದ್ದು ಅವರ ಊರಿಗೆ ಸರಿ. ಅಲ್ಲಿ ನ್ಯಾಷನಲ್ ಎಲೆಕ್ಟ್ರಿಕಲ್ ಕೋಡ್ ಅಂತ ಇದೆ, ಮೂರು ವರ್ಷಕ್ಕೊಮ್ಮೆ ಪರಿಷ್ಕರಿಸುತ್ತಾರೆ. ಅದು ನೇರ ಕಾನೂನಲ್ಲ, ರಾಜ್ಯಗಳು, ಊರುಗಳು ಒಪ್ಪಿಕೊಂಡ ಮೇಲೆ ಕಾನೂನು. 1999ರ ಆವೃತ್ತಿಯಲ್ಲಿ ಆರ್ಕ್ ಫಾಲ್ಟ್ ಮಾತು ಮೊದಲು ಬಂತು, 2002ರ ಜನವರಿ 1ರಿಂದ ಮಲಗುವ ಕೋಣೆಯ ಸಾಕೆಟ್ಟುಗಳಿಗೆ ಕಡ್ಡಾಯ. 2008ರಲ್ಲಿ ಹಾಲ್, ಊಟದ ಕೋಣೆ ಎಲ್ಲ ಸೇರಿದವು, 2014ರಲ್ಲಿ ಅಡುಗೆಮನೆ ಮತ್ತು ಬಟ್ಟೆ ಒಗೆಯುವ ಜಾಗ. ಅಲ್ಲಿ ಇಷ್ಟು ಬಿಗಿ ಯಾಕೆ ಅಂದರೆ ಮನೆಗಳೇ ಮರದವು. ಗೋಡೆಯೊಳಗೆ ಮರದ ಕಂಬಗಳ ನಡುವೆ ಕೇಬಲ್ ಹಾಯಿಸಿ ಪಿನ್ ಹೊಡೆದಿರುತ್ತಾರೆ, ಫೋಟೋ ತೂಗುಹಾಕೋಕೆ ಮೊಳೆ ಹೊಡೆದರೆ ಕೇಬಲ್ಲಿಗೇ ತಾಗಬಹುದು. ನಮ್ಮ ಇಟ್ಟಿಗೆ, ಕಲ್ಲು, ಕಾಂಕ್ರೀಟ್ ಗೋಡೆಯೊಳಗಿನ ಪೈಪಿನಲ್ಲಿ ಕಿಡಿ ಹತ್ತಿದರೆ ಹಬ್ಬೋಕೆ ಅಷ್ಟು ಸುಲಭ ಇಲ್ಲ. ಆದರೆ ನಮ್ಮಲ್ಲಿ ಸುಡೋದು ಗೋಡೆಯೊಳಗೆ ಅಲ್ಲವಲ್ಲ! ಸಾಕೆಟ್ಟಿನಲ್ಲಿ, ಎಕ್ಸ್‌ಟೆನ್ಶನ್ ಬಾಕ್ಸಿನಲ್ಲಿ, ಮಂಚದ ಪಕ್ಕದ ಬೋರ್ಡಿನಲ್ಲಿ. ಅಲ್ಲಿ ಹಾಸಿಗೆ ಇದೆ, ಪರದೆ ಇದೆ.

ಬೇರೆ ದೇಶಗಳಲ್ಲಿ ಒಂದೇ ತೀರ್ಮಾನ ಇಲ್ಲ. ಬ್ರಿಟನ್ನಿನಲ್ಲಿ 2022ರ ತಿದ್ದುಪಡಿಯಲ್ಲಿ ಎತ್ತರದ ವಸತಿ ಕಟ್ಟಡ, ವಿದ್ಯಾರ್ಥಿ ನಿಲಯ, ವೃದ್ಧರ ಆರೈಕೆ ಮನೆ ಮುಂತಾದವುಗಳ ಸಾಕೆಟ್ ಸರ್ಕ್ಯೂಟುಗಳಿಗೆ ಕಡ್ಡಾಯ ಮಾಡಿದರು, ಉಳಿದ ಕಡೆ ಶಿಫಾರಸು. ಜರ್ಮನಿ 2016ರಲ್ಲಿ ಕೆಲವು ಜಾಗಗಳಿಗೆ ಕಡ್ಡಾಯ ಮಾಡಿ 2019ರಲ್ಲಿ ಸಡಿಲ ಮಾಡಿತು. ಅಂತಾರಾಷ್ಟ್ರೀಯ ವೈರಿಂಗ್ ಸ್ಟ್ಯಾಂಡರ್ಡ್ ಐಇಸಿ 60364 ಶಿಫಾರಸು ಮಾಡುವ ಜಾಗಗಳು ಇವು: ಜನ ಮಲಗುವ ಕಡೆ, ಮರದಂಥ ಉರಿಯುವ ವಸ್ತುವಿನಿಂದ ಕಟ್ಟಿದ ಮನೆ, ಬೇಗ ಹೊತ್ತಿಕೊಳ್ಳುವ ಸಾಮಾನು ತುಂಬಿದ ಜಾಗ, ಕಳೆದುಹೋದರೆ ಮತ್ತೆ ಸಿಗದ ವಸ್ತುಗಳಿರುವ ಕಡೆ.

ನಮ್ಮಲ್ಲಿ ವೈರಿಂಗಿಗೆ ಇರುವ ಐಎಸ್ 732ನ್ನು 2019ರಲ್ಲಿ ಈ ಐಇಸಿ ದಾರಿಯಲ್ಲೇ ಪರಿಷ್ಕರಿಸಿದರು. ಆದರೆ ಪ್ರತಿ ಮನೆಗೂ ಆರ್ಕ್ ಫಾಲ್ಟ್ ಬ್ರೇಕರ್ ಇರಲೇಬೇಕು ಅನ್ನುವ ಕಾನೂನು ಇಲ್ಲ. ಕಾನೂನು ಕೇಳೋದು ಅರ್ಥ್ ಲೀಕೇಜ್ ರಕ್ಷಣೆ, ಅಂದರೆ ಕರೆಂಟು ಸೋರಿದರೆ ಕಟ್ ಆಗಬೇಕು. ಕೇಂದ್ರ ವಿದ್ಯುತ್ ಪ್ರಾಧಿಕಾರದ 2010ರ ಸುರಕ್ಷತಾ ನಿಯಮಗಳಲ್ಲಿ ಅದು ಇತ್ತು, 2023ರ ಹೊಸ ನಿಯಮಗಳಲ್ಲೂ ಇದೆ. ಹಾಗಾಗಿ 30 ಮಿಲಿ ಆಂಪ್ಸ್ ಆರ್‌ಸಿಸಿಬಿ ಮತ್ತು ಒಳ್ಳೆ ಅರ್ಥಿಂಗ್ ಮೊದಲು. ಒದ್ದೆ ಕೂಲರಿನ ಕಬ್ಬಿಣದ ಮೈ ಮುಟ್ಟಿ ನಮ್ಮ ಕಡೆ ಪ್ರತಿ ಬೇಸಿಗೆ ಜನ ಸಾಯುತ್ತಾರೆ. ಅದನ್ನ ತಡೆಯೋದು ಆರ್‌ಸಿಸಿಬಿ, ಎಎಫ್‌ಡಿಡಿ ಅಲ್ಲ.

ಇನ್ನೊಂದು ವಿಷಯ ನೇರವಾಗಿ ಹೇಳಬೇಕು. ನಿಮ್ಮ ಕೂಲರ್ ಸಾಕೆಟ್ಟಿಗೆ ಎಎಫ್‌ಡಿಡಿ ಇದ್ದಿದ್ದರೂ ಬೇಸಿಗೆಯಲ್ಲಿ ಅದು ಬೀಳುತ್ತಿರಲಿಲ್ಲ ಅಂತ ನನ್ನ ಅಂದಾಜು. ಎಎಫ್‌ಡಿಡಿಯ ಸ್ಟ್ಯಾಂಡರ್ಡ್ ಐಇಸಿ 62606 ಪ್ರಕಾರ 2.5 ಆಂಪ್ಸ್ ಕಿಡಿ ಇದ್ದರೆ ಒಂದು ಸೆಕೆಂಡಿನೊಳಗೆ, 5 ಆಂಪ್ಸಿಗೆ ಅರ್ಧ ಸೆಕೆಂಡಿನೊಳಗೆ, 16 ಆಂಪ್ಸಿಗೆ 0.15 ಸೆಕೆಂಡಿನೊಳಗೆ ಕಟ್ ಆಗಬೇಕು. 2.5ಕ್ಕಿಂತ ಕೆಳಗೆ ಸ್ಟ್ಯಾಂಡರ್ಡ್ ಏನೂ ಕೇಳುವುದಿಲ್ಲ, ನಿಮ್ಮ ಕೂಲರ್ ಎಳೆಯೋದು ಒಂದು ಆಂಪ್. ಚಳಿಗಾಲದಲ್ಲಿ 1500 ವ್ಯಾಟ್ ಕಾಯಿಲ್ ಹಾಕಿದಾಗ ಆರೂವರೆ ಆಂಪ್ಸ್ ಹರಿದಿರುತ್ತದೆ, ಆಗ ಕಿಡಿ ಇದ್ದಿದ್ದರೆ ಹಿಡಿಯುತ್ತಿತ್ತು. ನನಗೆ ಅನ್ನಿಸೋದು, ಸಾಕೆಟ್ ಹಾಳಾಗಿದ್ದು ಆ ಕಾಯಿಲಿನಿಂದಲೇ. 6 ಆಂಪ್ಸ್ ಸಾಕೆಟ್ಟಿನಲ್ಲಿ ಅಷ್ಟು ಹೊತ್ತು ಅಷ್ಟು ಕರೆಂಟು ಹರಿದರೆ ಒಳಗಿನ ಹಿತ್ತಾಳೆ ಬಿಸಿಯಾಗಿ ಹಿಡಿತ ಬಿಡುತ್ತದೆ. ಜೊತೆಗೆ ಸಡಿಲ ಜಾಗ ಕಿಡಿಯೇ ಇಲ್ಲದೆ ಸುಮ್ನೆ ಕೆಂಪಗೆ ಕಾಯುವುದೂ ಉಂಟು. ಅದರಲ್ಲಿ ಆರ್ಕ್ ಇಲ್ಲ, ಆದ್ದರಿಂದ ಆರ್ಕ್ ಹಿಡಿಯುವ ಡಿವೈಸಿಗೆ ಗೊತ್ತಾಗಲ್ಲ. ಬಿಗಿ ಸ್ಕ್ರೂ, ಸರಿಯಾದ ಸಾಕೆಟ್, ಇವುಗಳ ಬದಲಿಗೆ ಎಎಫ್‌ಡಿಡಿ ಅಂತ ತಿಳಿದುಕೊಂಡರೆ ಮೋಸ ಹೋಗುತ್ತೀರಿ.

ಅಣ್ಣ ಅಲ್ಲಿಂದ ಪಾರ್ಸಲ್ ಕಳಿಸ್ತೀನಿ ಅಂದರೆ ಬೇಡ ಅನ್ನಿ. ಅಲ್ಲಿಯದು 120 ವೋಲ್ಟ್, 60 ಹರ್ಟ್ಸ್. ನಮ್ಮ 230 ವೋಲ್ಟಿಗೆ ಅದನ್ನ ಹಾಕಲೇಬಾರದು.

ಮಾಳಿಗೆ ಮನೆ (ಹುಮನಾಬಾದ್):

ಮೇಷ್ಟ್ರೇ, ಮರದ ಮನೆ ಅಂದಿರಲ್ಲ, ನಮ್ಮದು ಹಳೇ ಮಣ್ಣಿನ ಮಾಳಿಗೆ. ಮೇಲೆ ತೊಲೆ, ಜಂತಿ, ಹಲಗೆ, ಅದರ ಮೇಲೆ ಮಣ್ಣು. ವೈರ್ ಹೋಗಿರೋದು ತೊಲೆಗೆ ಹೊಡೆದ ಮರದ ಪಟ್ಟಿಯ ಮೇಲೆ, ನಮ್ಮ ಮಾವನವರ ಕಾಲದ್ದು. ಜಂತಿ ಸಂದಿಯಲ್ಲಿ ಇಲಿಗಳ ಓಡಾಟ ರಾತ್ರಿಯೆಲ್ಲ. ಮೀಟರ್ ಪಕ್ಕ ಇನ್ನೂ ಪಿಂಗಾಣಿ ಕಿಟ್‌ಕ್ಯಾಟ್ ಫ್ಯೂಸೇ ಇದೆ, ಹೋದಾಗ ನಮ್ಮ ಹುಡುಗ ಯಾವುದೋ ತಂತಿ ಎಳೆ ಸುತ್ತಿ ಹಾಕುತ್ತಾನೆ. ಮನೆ ಕೆಡವುವ ಯೋಚನೆ ಇಲ್ಲ, ಬೇಸಿಗೆಯಲ್ಲಿ ಇಷ್ಟು ತಂಪು ಬೇರೆಲ್ಲೂ ಸಿಗಲ್ಲ. ಈ ಎಎಫ್‌ಡಿಡಿ ತಂದು ಹಾಕಿಬಿಟ್ಟರೆ ಸಾಕಾ?

ಪಾಲಿಟೆಕ್ನಿಕ್ ಮೇಷ್ಟ್ರು (ಬೀದರ್):

ಅಕ್ಕಾ, ಆ ಸ್ಟ್ಯಾಂಡರ್ಡ್ ಹೇಳುವ ಮನೆ ನಿಮ್ಮದೇ. ಆದರೆ ಮೊದಲು ಆ ಹಳೇ ವೈರ್ ಕಳಚಬೇಕು. ಹಳೇ ವೈರಿನ ಕವಚ ಒಣಗಿ ಬಿರುಕು ಬಿಟ್ಟಿರುತ್ತದೆ, ಅದರ ಮೇಲೆ ಏನೇ ಕೂರಿಸಿದರೂ ಪದೇ ಪದೇ ಬೀಳುತ್ತದೆ, ಕೊನೆಗೆ ಮನೆಯವರು ಬೇಸತ್ತು ಡೈರೆಕ್ಟ್ ಮಾಡಿಸಿಬಿಡುತ್ತಾರೆ. ಹೊಸ ವೈರನ್ನು ತೊಲೆಗೆ ತಾಗದ ಹಾಗೆ ಗೋಡೆಯ ಮೇಲೆ ಗಟ್ಟಿ ಪೈಪಿನಲ್ಲಿ ತರಿಸಿ. ಇಲಿ ಓಡಾಡುವ ಕಡೆ ಕಬ್ಬಿಣದ ಪೈಪೇ ಇರಲಿ, ಅದಕ್ಕೂ ಅರ್ಥಿಂಗ್ ಕೊಡಿಸಿ. ಫ್ಯೂಸ್ ತೆಗೆದು ಎಂಸಿಬಿ, ಆರ್‌ಸಿಸಿಬಿ ಹಾಕಿಸಿ. ಇಷ್ಟಾದ ಮೇಲೆ ಮಾಳಿಗೆ ಕೆಳಗೆ ಹೋಗುವ ಸರ್ಕ್ಯೂಟಿಗೆ ಎಎಫ್‌ಡಿಡಿ ಖಂಡಿತ ಹಾಕಿಸಿ, ನಿಮ್ಮಂಥ ಮನೆಗೆ ಆ ದುಡ್ಡು ದಂಡ ಅಲ್ಲ. ಅಲ್ಲಿಯ ತನಕ ಹುಡುಗನಿಗೆ ಒಂದು ಮಾತು ಹೇಳಿ, ಫ್ಯೂಸಿಗೆ ಅದರ ಅಳತೆಯ ತಂತಿ ಬಿಟ್ಟು ಬೇರೆ ಹಾಕೋದು ಬೇಡ. ದಪ್ಪ ಎಳೆ ಹಾಕಿದರೆ ಫ್ಯೂಸ್ ಉಳಿಯುತ್ತದೆ, ಒಳಗಿನ ವೈರ್ ಸುಡುತ್ತದೆ.

ಹತ್ತಿ ರೈತ (ಶಹಾಪುರ, ಯಾದಗಿರಿ):

ನಮ್ಮ ಕಡೆಯ ಒಂದು ಮಾತು ಸೇರಿಸುತ್ತೇನೆ. ರೇಟ್ ಬರಲಿ ಅಂತ ಹತ್ತಿಯನ್ನ ಮನೆಯಲ್ಲೇ ಸುರಿದುಕೊಳ್ಳುವವರು ನಾವು. ಪಡಸಾಲೆ ತುಂಬಿ ಜಂತಿ ಮುಟ್ಟುವಷ್ಟು ರಾಶಿ, ಅದರ ಪಕ್ಕದಲ್ಲೇ ಮಲಗೋದು. ರಾಶಿ ಏರುತ್ತಾ ಏರುತ್ತಾ ಗೋಡೆಯ ಸ್ವಿಚ್ ಬೋರ್ಡನ್ನೇ ಮುಚ್ಚಿಬಿಡುತ್ತದೆ, ಆಮೇಲೆ ಅಲ್ಲೊಂದು ಬೋರ್ಡ್ ಇದೆ ಅನ್ನೋದೇ ಯಾರಿಗೂ ನೆನಪಿರಲ್ಲ. ನಮ್ಮ ಓಣಿಯಲ್ಲಿ ಹೀಗೇ ಬೋರ್ಡಿನಿಂದ ಹೊತ್ತಿಕೊಂಡು ಒಂದು ಮನೆಯವರ ವರ್ಷದ ದುಡಿಮೆ ಹೋಯಿತು. ಹತ್ತಿಯ ಬೆಂಕಿ ಮೇಲೆ ಆರಿದ ಹಾಗೆ ಕಂಡರೂ ಒಳಗೊಳಗೇ ಉರಿಯುತ್ತಾ ಇರುತ್ತದೆ, ನೀರು ಹೊಯ್ದರೂ ರಾಶಿ ಕೆದಕಿದ ಹಾಗೆಲ್ಲ ಹೊಗೆ.

ನಾನು ಈಗ ಮಾಡಿರೋದು ಇಷ್ಟು. ಹತ್ತಿ ಹಾಕುವ ಕೋಣೆಗೆ ಬೇರೆ ಎಂಸಿಬಿ ಮಾಡಿಸಿ ಬಾಗಿಲ ಹೊರಗೆ ಇಟ್ಟಿದ್ದೇನೆ. ರಾಶಿ ಬಿತ್ತು ಅಂದರೆ ಆ ಕೋಣೆಯ ಕರೆಂಟೇ ಬಂದ್. ಒಳಗೆ ಹೋಗಬೇಕಾದರೆ ಬ್ಯಾಟರಿ ಹಿಡಿದು ಹೋಗುತ್ತೇವೆ. ಒಂದು ಎಂಸಿಬಿ ಮತ್ತು ನಾಲ್ಕು ಮೀಟರ್ ವೈರಿನ ಖರ್ಚು. ಎಎಫ್‌ಡಿಡಿ ತರಿಸುವ ಶಕ್ತಿ ಇಲ್ಲದ ರೈತರು ಇದನ್ನಾದರೂ ಮಾಡಿ, ಕೈ ಮುಗಿದು ಕೇಳುತ್ತೇನೆ.

ಲೈಸೆನ್ಸ್ ವೈರಮನ್ (ಶಹಾಬಜಾರ್, ಕಲಬುರಗಿ):

ಶಹಾಪುರದ ಅಣ್ಣ ಮಾಡಿರೋದು ಎಲ್ಲಕ್ಕಿಂತ ಗಟ್ಟಿ ಉಪಾಯ. ಕರೆಂಟೇ ಇಲ್ಲದ ವೈರಿನಲ್ಲಿ ಕಿಡಿ ಎಲ್ಲಿಂದ ಬರಬೇಕು.

ಸೇಡಂ ರೋಡ್ ಮನೆ (ಕಲಬುರಗಿ):

ಇಷ್ಟು ಬಿಡಿಸಿ ಹೇಳಿದ್ದಕ್ಕೆ ಎಲ್ಲರಿಗೂ ಶರಣು. ಕಾಕಾಗೂ ಓದಿಸಿದೆ, ಆಸಕ್ತಿಯಿಂದ ಕೂತು ಓದಿದರು. ಅವರದು ಎರಡು ಪ್ರಶ್ನೆ. ಮನೆಗೆ ಇನ್ವರ್ಟರ್ ಇರುತ್ತದೆ, ಅದರ ಜೊತೆ ಇದು ಹೊಂದಿಕೊಳ್ಳುತ್ತಾ? ಎರಡನೇದು, ಈಗಲೇ ದುಡ್ಡು ಕಡಿಮೆ ಬಿದ್ದರೆ ಮುಂದೆ ಯಾವಾಗಾದರೂ ಹಾಕೋಕೆ ಆಗುತ್ತಾ? ನಮ್ಮದು ಮೂರು ಮಲಗುವ ಕೋಣೆ, ಎರಡರಲ್ಲಿ ಎಸಿ ಪಾಯಿಂಟ್, ಅಪ್ಪನ ಕೋಣೆಗೆ ಕೂಲರೇ ಬೇಕಂತೆ.

ಲೈಸೆನ್ಸ್ ವೈರಮನ್ (ಶಹಾಬಜಾರ್, ಕಲಬುರಗಿ):

ಕಾಕಾ ಕೇಳಿದ್ದು ಕಸುಬುದಾರರ ಪ್ರಶ್ನೆ. ಎರಡಕ್ಕೂ ಉತ್ತರ ನ್ಯೂಟ್ರಲಿನಲ್ಲಿದೆ.

ನಮ್ಮ ಕಡೆ ಫೇಸ್ ಬೇರೆ ಬೇರೆ ಎಳೆಯುತ್ತಾರೆ, ನ್ಯೂಟ್ರಲ್ ಮಾತ್ರ ಒಂದು ಬೋರ್ಡಿಂದ ಇನ್ನೊಂದು ಬೋರ್ಡಿಗೆ ಲೂಪ್ ಮಾಡಿ ಎಲ್ಲ ಸೇರಿಸಿಬಿಡುತ್ತಾರೆ. ವೈರ್ ಉಳಿಯುತ್ತದೆ ಅಂತ. ಎಎಫ್‌ಡಿಡಿ ಆಗಲಿ, ಆರ್‌ಸಿಸಿಬಿ ಆಗಲಿ, ಯಾವ ಸರ್ಕ್ಯೂಟ್ ಕಾಯುತ್ತದೋ ಅದರ ಫೇಸ್, ನ್ಯೂಟ್ರಲ್ ಎರಡೂ ಅದರೊಳಗಿಂದಲೇ ಹೋಗಬೇಕು. ಪಕ್ಕದ ಸರ್ಕ್ಯೂಟಿನ ನ್ಯೂಟ್ರಲ್ ಬಂದು ಸೇರಿಕೊಂಡಿತೋ, ಲೆಕ್ಕ ತಪ್ಪಿತು. ಇನ್ವರ್ಟರಿನದೂ ಇದೇ ತಕರಾರು. ಇನ್ವರ್ಟರ್ ಲೈನಿನ ನ್ಯೂಟ್ರಲ್, ಮೇನ್ ಲೈನಿನ ನ್ಯೂಟ್ರಲ್ ಒಂದೇ ಪಟ್ಟಿಗೆ ಕಟ್ಟಿರುತ್ತಾರೆ. ಆಮೇಲೆ ಆರ್‌ಸಿಸಿಬಿ ಸುಮ್ ಸುಮ್ನೆ ಬೀಳುತ್ತದೆ ಅಂತ ಬೈದು ಅದನ್ನೇ ಬೈಪಾಸ್ ಮಾಡಿಸುತ್ತಾರೆ. ಎಷ್ಟು ಮನೆಯಲ್ಲಿ ನೋಡಿದ್ದೇನೆ ಇದನ್ನ, ಹೊಟ್ಟೆ ಉರಿಯುತ್ತದೆ. ಇನ್ವರ್ಟರ್ ಲೈನಿಗೆ ಬೇರೆ ನ್ಯೂಟ್ರಲ್ ಪಟ್ಟಿ, ಬೇರೆ ಆರ್‌ಸಿಸಿಬಿ ಮಾಡಿಸಿ, ತಕರಾರೇ ಇರಲ್ಲ.

ಆದ್ದರಿಂದ ಈಗ ನಿಮ್ಮ ಕೈಯಲ್ಲಿ ಇರುವ ಕೆಲಸ ಇದು, ಪ್ರತಿ ಕೋಣೆಯ ಸಾಕೆಟ್ ಸರ್ಕ್ಯೂಟಿಗೆ ಡಿಬಿಯಿಂದಲೇ (ಎಂಸಿಬಿಗಳು ಕೂರುವ ಮೇನ್ ಡಬ್ಬಿ) ತನ್ನದೇ ನ್ಯೂಟ್ರಲ್, ತನ್ನದೇ ಅರ್ಥ್ ವೈರ್ ಎಳೆಸಿ. ವೈರ್ ಸ್ವಲ್ಪ ಜಾಸ್ತಿ ಹೋಗುತ್ತದೆ. ಇಷ್ಟು ಮಾಡಿಟ್ಟರೆ ಎಎಫ್‌ಡಿಡಿಯನ್ನ ನಾಳೆ ಬೇಕಾದರೂ, ಐದು ವರ್ಷ ಬಿಟ್ಟು ಬೇಕಾದರೂ ಹಾಕಬಹುದು. ಮಾಡಲಿಲ್ಲ ಅಂದರೆ ಗೋಡೆ ಒಡೆಯದೆ ಆಗಲ್ಲ.

ವೈರ್ ಅಳತೆ ಬಗ್ಗೆ ಜುಗ್ಗತನ ಬೇಡ. ಕಂಪನಿಯವರ ಟೇಬಲ್ ಯಾವ ಬಿಸಿಗೆ ಬರೆದದ್ದು ಅಂತ ನೋಡಿ. ಪಿವಿಸಿ ವೈರಿನ ಲೆಕ್ಕ 30 ಡಿಗ್ರಿಗೆ ಹಾಕಿದ್ದರೆ 45 ಡಿಗ್ರಿಯಲ್ಲಿ ಅದರ 79 ಪರ್ಸೆಂಟ್ ಮಾತ್ರ ಹೊರಬಲ್ಲದು. ಕಲಬುರಗಿಯ ಮೇ ತಿಂಗಳು ಹೇಗಿರುತ್ತದೆ ಅಂತ ನಿಮಗೆ ನಾನು ಹೇಳಬೇಕಾಗಿಲ್ಲ, ಸ್ಲ್ಯಾಬ್ ಒಳಗಿನ ಪೈಪಿನಲ್ಲಿ ಇನ್ನೂ ಬಿಸಿ. ಸಾಕೆಟ್ಟುಗಳಿಗೆ ಎರಡೂವರೆ, ಎಸಿ ಮತ್ತು ಗೀಸರಿಗೆ ನಾಲ್ಕು ಸ್ಕ್ವೇರ್ ಎಂಎಂ ತಾಮ್ರ, ಐಎಸ್ಐ ಗುರುತಿನದು. ಪೈಪಿನೊಳಗೆ ಎಲ್ಲೂ ಜಾಯಿಂಟ್ ಬೇಡ. ಎಳೆಎಳೆ ವೈರಿನ ತುದಿಗೆ ಪಿನ್ ಲಗ್ ಒತ್ತಿಸಿ, ಆಮೇಲೆ ಸ್ಕ್ರೂ ಬಿಗಿ ಮಾಡಿಸಿ. ಒಂದೇ ತೂತಿಗೆ ಮೂರು ವೈರ್ ತುರುಕೋದು ಬೇಡ. ಕಂಬದಿಂದ ಬರುವ ಸರ್ವಿಸ್ ವೈರ್ ಅಲ್ಯೂಮಿನಿಯಂ ಇದ್ದರೆ ತಾಮ್ರದ ಜೊತೆ ಬರೀ ಕೈಯಲ್ಲಿ ತಿರುಚಿ ಟೇಪ್ ಸುತ್ತಲೇಬಾರದು, ಎರಡೂ ಲೋಹಕ್ಕೆ ಹೊಂದುವ ಬೈಮೆಟಲ್ ಲಗ್ ಬೇಕು. ಆ ಜಾಯಿಂಟ್ ಮೀಟರಿಗಿಂತ ಹಿಂದೆ ಇದ್ದರೆ ಕರೆಂಟು ಕಂಪನಿ ಜೆಸ್ಕಾಂನವರಿಗೇ ಹೇಳಿ, ನಾವು ಸೀಲ್ ಮುಟ್ಟುವ ಹಾಗಿಲ್ಲ.

ಎಎಫ್‌ಡಿಡಿ ಎಲ್ಲಿ ಅಂತ ಕೇಳಿದಿರಿ. ನನ್ನ ಮಟ್ಟಿಗೆ ಮೊದಲನೇದು ಅಪ್ಪನ ಕೋಣೆಯ ಸಾಕೆಟ್ ಸರ್ಕ್ಯೂಟಿಗೆ. ವಯಸ್ಸಾದವರು, ವಾಸನೆ ಬಂದರೂ ಎದ್ದು ಬರೋದು ತಡ. ಮೇಷ್ಟ್ರು ಹೇಳಿದ ಹಾಗೆ ಬರೀ ಕೂಲರ್ ಓಡುವಾಗ ಅದು ಹಿಡಿಯದೇ ಇರಬಹುದು, ಆದರೆ ಇಸ್ತ್ರಿ, ಕಾಯಿಲ್, ರೂಮ್ ಹೀಟರ್ ಎಲ್ಲ ಅದೇ ಕೋಣೆಯಲ್ಲಿ ಹಾಕುತ್ತಾರಲ್ವಾ. ಆ ಕೋಣೆಗೆ ಒಂದು 16 ಆಂಪ್ಸ್ ಸಾಕೆಟ್ ಬೇರೆ ಕೊಡಿ, ಕಾಯಿಲ್ ಅದಕ್ಕೇ ಹಾಕಲಿ. ಕೂಲರನ್ನ ಕಿಟಕಿಯಲ್ಲಿ ಕೂರಿಸುವಾಗ ಅದರ ವೈರ್ ಕಿಟಕಿ ಚೌಕಟ್ಟಿನ ಅಂಚಿಗೆ ಸಿಕ್ಕಿಕೊಳ್ಳದ ಹಾಗೆ ನೋಡಿಕೊಳ್ಳಿ. ದಿನವೆಲ್ಲ ಅದುರಿ ಅದುರಿ ಒಳಗಿನ ಎಳೆಗಳು ಒಂದೊಂದೇ ತುಂಡಾಗುತ್ತವೆ, ಮೇಲಿಂದ ನೋಡಿದರೆ ವೈರ್ ಹೊಸದರ ಹಾಗೇ ಇರುತ್ತದೆ. ಆಮೇಲೆ ಉಳಿದೆರಡು ಮಲಗುವ ಕೋಣೆ. ಹಾಲ್, ಅಡುಗೆಮನೆಗೆ ಸದ್ಯ ಬೇಡ, ಆ ದುಡ್ಡು ಒಳ್ಳೆ ಸಾಕೆಟ್ಟುಗಳಿಗೆ ಹಾಕಿ.

ಇಲ್ಲಿನ ಅಂಗಡಿಗಳಲ್ಲಿ ರೆಡಿ ಸಿಗೋದು ಕಷ್ಟ, ಹೇಳಿ ತರಿಸಬೇಕು. ಸೀಮೆನ್ಸ್, ಶ್ನೈಡರ್, ಈಟನ್ ಇವರೆಲ್ಲ ಮಾಡುತ್ತಾರೆ. ಬೆಲೆ ಆರ್‌ಸಿಸಿಬಿಯ ಹಲವು ಪಟ್ಟು, ಅದಕ್ಕೇ ಇಡೀ ಮನೆಗೆ ಹಾಕಿ ಅಂತ ನಾನು ಯಾರಿಗೂ ಹೇಳಲ್ಲ. ಮೈಮೇಲೆ ಐಇಸಿ 62606, 230 ವೋಲ್ಟ್, 50 ಹರ್ಟ್ಸ್ ಅಂತ ಬರೆದಿದೆಯಾ ನೋಡಿ ತಗೊಳ್ಳಿ.

ಸೇಡಂ ರೋಡ್ ಮನೆ (ಕಲಬುರಗಿ):

ಆಯ್ತು ಅಣ್ಣಾವ್ರೇ. ಪ್ರತಿ ಸರ್ಕ್ಯೂಟಿಗೂ ನ್ಯೂಟ್ರಲ್ ಬೇರೆ ಎಳೆಯೋಕೆ ಕಾಕಾ ಒಪ್ಪಿದ್ದಾರೆ, ಪೈಪು ಎರಡು ಕಡೆ ದೊಡ್ಡದು ಹಾಕಬೇಕಾಗುತ್ತದಂತೆ, ಸೋಮವಾರ ಅದನ್ನ ಬದಲಾಯಿಸುತ್ತಾರೆ. ಅಪ್ಪನ ಕೋಣೆಗೆ ಒಂದು ಎಎಫ್‌ಡಿಡಿ ಈಗಲೇ ತರಿಸುತ್ತೇನೆ. ಡಿಬಿ 12 ವೇ (12 ಎಂಸಿಬಿ ಕೂರುವಷ್ಟು) ಅಂತ ಬರೆದುಕೊಟ್ಟಿದ್ದರು, ಅದು ಸಾಲುತ್ತಾ?

ಲೈಸೆನ್ಸ್ ವೈರಮನ್ (ಶಹಾಬಜಾರ್, ಕಲಬುರಗಿ):

ಸಾಲಲ್ಲ. ಒಂದೊಂದು ಎಎಫ್‌ಡಿಡಿ ಎರಡು ಮೂರು ಎಂಸಿಬಿಯಷ್ಟು ಜಾಗ ತಿನ್ನುತ್ತದೆ, ಎರಡು ಆರ್‌ಸಿಸಿಬಿ ಬೇರೆ ಇವೆ. ನಿಮ್ಮ ಸರ್ಕ್ಯೂಟ್ ಎಷ್ಟು ಅಂತ ಕಾಕಾ ಹತ್ತಿರ ಕೂತು ಎಣಿಸಿ, ಮುಂದೆ ಹಾಕುವ ಎರಡು ಎಎಫ್‌ಡಿಡಿಗೂ ಜಾಗ ಬಿಟ್ಟು ದೊಡ್ಡ ಡಬ್ಬಿ ತನ್ನಿ. ಪ್ಲಾಸ್ಟರಿಗೆ ಮುಂಚೆ ಎಲ್ಲ ಗೋಡೆಗಳ ಫೋಟೋ ತೆಗೆದಿಡಿ, ಪೈಪು ಎಲ್ಲಿ ಹೋಗಿದೆ ಅಂತ ಮುಂದೆ ಮೊಳೆ ಹೊಡೆಯುವಾಗ ಬೇಕಾಗುತ್ತದೆ. ವೈರ್ ಎಳೆದಾದ ಮೇಲೆ, ಬೋರ್ಡ್ ಕೂರಿಸುವ ಮೊದಲು 500 ವೋಲ್ಟ್ ಮೆಗ್ಗರ್ (ವೈರಿನ ಸಿಪ್ಪೆ ಗಟ್ಟಿ ಇದೆಯಾ ಅಂತ ಅಳೆಯುವ ಮೀಟರ್) ಹಾಕಿಸಿ. ಒಂದು ಮೆಗ್ ಓಮಿಗಿಂತ ಕಡಿಮೆ ತೋರಿಸಿದ ಸರ್ಕ್ಯೂಟಿಗೆ ಕರೆಂಟ್ ಕೊಡಿಸಬೇಡಿ. ಹೊಸ ವೈರಿಂಗಾದರೆ ಅದಕ್ಕಿಂತ ಎಷ್ಟೋ ಜಾಸ್ತಿ ಬರಬೇಕು, ಬರಲಿಲ್ಲ ಅಂದರೆ ವೈರ್ ಎಳೆಯುವಾಗ ಎಲ್ಲೋ ಸಿಪ್ಪೆ ಕಿತ್ತಿದೆ ಅಂತ ಅರ್ಥ.